ಕಾಲು ಕಿಲೋದೊಳಗಿನ ಎರಡು ಹಾರುವ ಕ್ಯಾಮರಾಗಳು

ರೇಡಿಯೋ ಇಟ್ಟುಕೊಂಡಿರುವ ಮನೆಯವರಾದ ನಿಮಗೆ, ಕಣ್ಣಿಗೆ ಕಾಣದ ಅಲೆಯೊಂದು ದೂರದಿಂದ ಬಂದು ಕೆಲಸ ಮಾಡುತ್ತದೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಿಲಯದಿಂದ ಹೊರಟ ಅಲೆ ನಿಮ್ಮ ನಡುಮನೆಯಲ್ಲಿ ಮಾತಾಗುತ್ತದೆ, ಹಾಡಾಗುತ್ತದೆ. ಅದೇ ಜಾತಿಯ ಅಲೆಯೊಂದು ನಿಮ್ಮ ಕೈಯಿಂದ ಹೊರಟು, ಮೇಲೆ ಗಾಳಿಯಲ್ಲಿ ನಿಂತಿರುವ ಪುಟ್ಟ ಯಂತ್ರವೊಂದಕ್ಕೆ ‘ಏರು, ಇಳಿ, ಎಡಕ್ಕೆ ತಿರುಗು’ ಎಂದು ಅಪ್ಪಣೆ ಕೊಡುತ್ತದೆ. ಆ ಯಂತ್ರವು ತಾನು ಕಂಡ ನೋಟವನ್ನು ಇನ್ನೊಂದು ಅಲೆಯ ಮೂಲಕ ನಿಮ್ಮ ಅಂಗೈಗೆ ಕಳುಹಿಸಿಕೊಡುತ್ತದೆ. ಇದನ್ನೇ ಈಗ ಎಲ್ಲರೂ ಡ್ರೋನ್ ಎಂದು ಕರೆಯುತ್ತಾರೆ. ಮದುವೆಮನೆಯ ಚಪ್ಪರದ ಮೇಲೆ ಗುಂಯ್‌ಗುಟ್ಟುತ್ತ ನಿಲ್ಲುವುದನ್ನು ನೀವು ನೋಡಿಯೇ ಇರುತ್ತೀರಿ. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಗಂಡುಜೇನು ಎಂದು ಅರ್ಥ. ದುಡಿಯದೆ ಕುಳಿತು ತಿನ್ನುವ ಸೋಮಾರಿಗೂ ಅಲ್ಲಿ ಅದೇ ಹೆಸರು. ಇಷ್ಟೊಂದು ಕೆಲಸ ಮಾಡುವ ಯಂತ್ರಕ್ಕೆ ಇದು ಒಪ್ಪುವ ನಾಮಧೇಯವಲ್ಲವೆಂದು ನನ್ನಂಥ ಕನ್ನಡ ಪಂಡಿತನಿಗೆ ತೋರುವುದು ಸಹಜ. ಆದರೆ ಜನರ ಬಾಯಲ್ಲಿ ಬೇರೂರಿದ ಮಾತನ್ನು ಕೀಳುವ ಗೋಜಿಗೆ ನಾನು ಹೋಗುವುದಿಲ್ಲ.

ಈ ವಿಷಯಕ್ಕೂ ನನಗೂ ಗಂಟುಬಿದ್ದದ್ದು 2025ರ ಬೇಸಗೆಯ ರಜೆಯಲ್ಲಿ. ನನ್ನ ತಂಗಿಯ ಸಂಸಾರ ಅಮೆರಿಕದ ಓಹಾಯೋ ಸಂಸ್ಥಾನದಲ್ಲಿದೆ. ಅವಳ ಮಗನಿಗೆ ಹನ್ನೆರಡು ವರ್ಷ, ಮಗಳಿಗೆ ಆರು. ಹುಡುಗನ ಹುಟ್ಟುಹಬ್ಬಕ್ಕೆ ಡ್ರೋನ್ ಒಂದನ್ನು ಕೊಡಿಸುವುದೆಂದು ನಿಶ್ಚಯವಾಗಿತ್ತು. ಯಾವುದೆಂಬುದು ಮಾತ್ರ ನಿಶ್ಚಯವಾಗಿರಲಿಲ್ಲ. “ಅಣ್ಣ, ನೀನೇ ಹೇಳು, ನೀನು ಹೇಳಿದರೆ ಇಬ್ಬರೂ ಒಪ್ಪುತ್ತಾರೆ” ಎಂದು ತಂಗಿ ಪಂಚಾಯಿತಿಯನ್ನು ನನ್ನ ಕೊರಳಿಗೆ ಕಟ್ಟಿದಳು. ನಾನು ಹಳಗನ್ನಡ ವ್ಯಾಕರಣ ಹೇಳುವವನು. ಆದರೂ ಮೇಷ್ಟರಾದವರು ತಿಳಿಯದೆಂದು ಹೇಳುವುದು ಹೇಗೆ? ಒಂದು ವಾರ ಓದಿದೆ, ಕೇಳಿದೆ. ನೆರೆಯವರೊಬ್ಬರಿಂದ ಒಂದನ್ನೂ, ಭಾವನ ಕಚೇರಿಯ ಮಿತ್ರರಿಂದ ಇನ್ನೊಂದನ್ನೂ ಭಾನುವಾರದ ಮಟ್ಟಿಗೆ ಎರವಲು ತಂದು, ಪರಿಚಿತರೊಬ್ಬರ ಮುಸುಕಿನ ಜೋಳದ ಹೊಲಕ್ಕೆ ಎಲ್ಲರೂ ಹೋದೆವು.

ಎರಡೂ ಚೀನಾದ ಷೆನ್ಜೆನ್ ನಗರದ ಡಿಜೆಐ ಕಂಪನಿಯವು. 2006ರಲ್ಲಿ ಆರಂಭವಾದ ಕಂಪನಿ ಅದು. ಒಂದರ ಹೆಸರು ಮಿನಿ 4ಕೆ, ಇನ್ನೊಂದರದು ನಿಯೋ. ಎರಡೂ ಮಾರುಕಟ್ಟೆಗೆ ಬಂದದ್ದು 2024ರಲ್ಲಿ. ಎರಡೂ ಹೊಸಬರಿಗೆಂದೇ ಮಾಡಿದವು, ಎರಡಕ್ಕೂ ನಾಲ್ಕು ತಿರುಗುರೆಕ್ಕೆಗಳು. ಈ ನಾಲ್ಕರಲ್ಲಿ ಎರಡು ಗಡಿಯಾರದ ಮುಳ್ಳಿನಂತೆಯೂ ಎರಡು ಅದಕ್ಕೆ ವಿರುದ್ಧವಾಗಿಯೂ ಸುತ್ತುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ಸುತ್ತಿದ್ದರೆ ಯಂತ್ರದ ಮೈ ಎದುರು ದಿಕ್ಕಿಗೆ ಬುಗುರಿಯಂತೆ ತಿರುಗಿಬಿಡುತ್ತಿತ್ತು. ಹಿಂದಿನ ರೆಕ್ಕೆಗಳ ವೇಗ ಹೆಚ್ಚಿದರೆ ಮೂತಿ ತಗ್ಗಿ ಮುಂದಕ್ಕೆ ಸಾಗುತ್ತದೆ. ಎಡಗಡೆಯವುಗಳ ವೇಗ ಹೆಚ್ಚಿದರೆ ಬಲಕ್ಕೆ ವಾಲಿ ಆ ಕಡೆ ಹೋಗುತ್ತದೆ. ಈ ಲೆಕ್ಕವನ್ನೆಲ್ಲ ಒಳಗಿನ ಮಿದುಳು ಮಾಡಿಕೊಳ್ಳುತ್ತದೆ. ನೀವು ಬೆರಳನ್ನು ಕಡ್ಡಿಯಿಂದ ತೆಗೆದರೆ ಸಾಕು, ಉಪಗ್ರಹಗಳ ಸುಳಿವು ಹಿಡಿದು ಇದ್ದಲ್ಲೇ ನಿಲ್ಲುತ್ತದೆ.

ಈಗ ತೂಕದ ಮಾತು. ನಿಯೋ 135 ಗ್ರಾಂ. ಒಂದು ದಪ್ಪ ಸೀಬೆಹಣ್ಣಿನಷ್ಟು. ಮಿನಿ 4ಕೆ 249 ಗ್ರಾಂ. ನೀವು ತರುವ ಕಾಲು ಕಿಲೋ ಕಾಫಿಪುಡಿಯ ಪೊಟ್ಟಣಕ್ಕೆ ಒಂದೇ ಗ್ರಾಂ ಕಡಿಮೆ. ಆ ಒಂದು ಗ್ರಾಂ ಆಕಸ್ಮಿಕವಾದುದಲ್ಲ. ಅಮೆರಿಕದಲ್ಲಿ ವಿನೋದಕ್ಕಾಗಿ ಹಾರಿಸುವ ಡ್ರೋನ್ 250 ಗ್ರಾಂಗಿಂತ ಕಡಿಮೆಯಿದ್ದರೆ ಸರ್ಕಾರದಲ್ಲಿ ನೋಂದಾಯಿಸಬೇಕಾಗಿಲ್ಲ. ಇತರ ಅನೇಕ ದೇಶಗಳ ಕಾನೂನುಗಳೂ ಇದೇ 250ರ ಹತ್ತಿರ ಗೆರೆ ಎಳೆದಿವೆ. ಆದುದರಿಂದಲೇ ಈ ಕಂಪನಿ 2019ರಲ್ಲಿ 249 ಗ್ರಾಮಿನ ಮೊದಲ ಮಿನಿಯನ್ನು ತಂದಿತು. ನೋಂದಣಿ ಬೇಡವೆಂದಮಾತ್ರಕ್ಕೆ ಯಾವ ಕಟ್ಟಳೆಯೂ ಇಲ್ಲವೆಂದಲ್ಲ. ಅಲ್ಲಿ ಹಾರಿಸುವವರು ಒಂದು ಸಣ್ಣ ಪರೀಕ್ಷೆಯನ್ನು ಮುಗಿಸಬೇಕು, ಅದಕ್ಕೆ ಶುಲ್ಕವಿಲ್ಲ. ನಮ್ಮ ಹುಡುಗ ಊಟದ ಮೇಜಿನ ಮೇಲೆಯೇ ಕುಳಿತು ಬರೆದ. ನಾನೂ ಬರೆದೆ. ಬಹಳ ವರ್ಷಗಳ ಮೇಲೆ ಪರೀಕ್ಷೆಗೆ ಕುಳಿತವನಿಗೆ ಎದೆ ಹೊಡೆದುಕೊಂಡದ್ದು ಸುಳ್ಳಲ್ಲ.

ಹೊಲದಲ್ಲಿ ಮೊದಲು ಹಾರಿದ್ದು ನಿಯೋ. ಅದನ್ನು ಅಂಗೈ ಮೇಲಿಟ್ಟುಕೊಂಡು ಗುಂಡಿಯೊಂದನ್ನು ಒತ್ತಿದರೆ ಸಾಕು, ಅಲ್ಲಿಂದಲೇ ಎದ್ದು ಎದುರಿಗೆ ನಿಲ್ಲುತ್ತದೆ. ನೀವು ನಡೆದರೆ ಹಿಂಬಾಲಿಸುತ್ತದೆ, ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತದೆ, ಮತ್ತೆ ಕೈಚಾಚಿದರೆ ಅಂಗೈ ಮೇಲೆ ಬಂದಿಳಿಯುತ್ತದೆ. ರಿಮೋಟ್ ಬೇಡ, ಮೊಬೈಲೂ ಬೇಡ. ಮೊಬೈಲಿನಿಂದ ನಡೆಸುವುದಾದರೆ ಸುಮಾರು ಐವತ್ತು ಮೀಟರ್ ದೂರದವರೆಗೆ ಮಾತು ಕೇಳುತ್ತದೆ. ಮಿನಿ 4ಕೆ ಹಾಗಲ್ಲ. ಮಡಿಸಿದ ತೋಳುಗಳನ್ನು ಬಿಡಿಸಬೇಕು, ಸಮನೆಲದಲ್ಲಿ ಇಡಬೇಕು, ರಿಮೋಟಿಗೆ ಮೊಬೈಲನ್ನು ಸಿಕ್ಕಿಸಬೇಕು, ಎರಡು ಹೆಬ್ಬೆರಳುಗಳಿಂದ ಎರಡು ಕಡ್ಡಿಗಳನ್ನು ಆಡಿಸಬೇಕು. ಮೊದಲ ಹತ್ತು ನಿಮಿಷ ಹುಡುಗನ ಕೈ ನಡುಗಿತು. ಆಮೇಲೆ ಅವನ ಮುಖದಲ್ಲಿ ಒಂದು ಕಳೆ ಬಂತು ನೋಡಿ, ಸೈಕಲ್ ಕಲಿತ ದಿನ ಮಕ್ಕಳಿಗೆ ಬರುವಂಥದು. ನಿಯೋ ಹಾರಿಸಿದಾಗ ಅದು ಬಂದಿರಲಿಲ್ಲ. ನಿಯೋ ತಾನೇ ಹಾರುತ್ತದೆ. ಮಿನಿಯನ್ನು ನಾವು ಹಾರಿಸುತ್ತೇವೆ. ಹಿಂಬಾಲಿಸುವ ವಿದ್ಯೆ ಮಿನಿ 4ಕೆಗೆ ಇಲ್ಲ.

ಬೆಳಗಿನ ಶಾಂತವಾದ ಗಾಳಿಯಲ್ಲಿ ಎರಡರ ಚಿತ್ರಗಳಲ್ಲಿ ನನಗೆ ಹೆಚ್ಚಿನ ಭೇದ ತಿಳಿಯಲಿಲ್ಲ. ಎರಡೂ 4ಕೆ ಎಂಬ ಸೂಕ್ಷ್ಮವಾದ ಚಲನಚಿತ್ರ ತೆಗೆಯುತ್ತವೆ. ಹತ್ತೂವರೆಯ ಹೊತ್ತಿಗೆ ಗಾಳಿ ಬೀಸತೊಡಗಿತು. “ಇನ್ನೂ ಮೇಲಕ್ಕೆ ಬಿಡೋ, ಹೊಲವೆಲ್ಲ ಕಾಣಲಿ” ಎಂದು ನಾನು ಹುರಿದುಂಬಿಸಿ ನಿಯೋವನ್ನು ಸುಮಾರು ನೂರು ಅಡಿ ಏರಿಸಿದೆವು. ಅಲ್ಲಿ ಅದು ಗಾಳಿಗೆ ಎದುರಾಗಿ ತತ್ತರಿಸಿತು, ಚಿತ್ರವೂ ಅಲುಗಾಡಿತು. “ಸಾಕು ಮಾವ” ಎಂದು ಹುಡುಗ ಕೆಳಗಿಳಿಸಿದ. ಅದರ ಅಳತೆಯನ್ನು ಮೀರಿ ಕೇಳಿದ ತಪ್ಪು ನನ್ನದೇ. ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗದ ಗಾಳಿಯವರೆಗೆ ನಿಯೋ ತಡೆಯುತ್ತದೆಂದು ತಯಾರಕರೇ ಬರೆದಿದ್ದಾರೆ; ಮಿನಿ 4ಕೆ ತಡೆಯುವುದು 38 ಕಿಲೋಮೀಟರ್ ವೇಗದವರೆಗೆ. ನೆಲದ ಮೇಲೆ ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಇರಬಹುದೆಂಬುದನ್ನು ಗಾಳಿಪಟ ಬಿಟ್ಟವರೆಲ್ಲ ಬಲ್ಲರು. ಆ ಬುದ್ಧಿ ನನಗೆ ಸಮಯಕ್ಕೆ ಒದಗಲಿಲ್ಲ.

ಅದೇ ಗಾಳಿಯಲ್ಲಿ ಮಿನಿಯ ಚಿತ್ರ ಮಾತ್ರ ಗೋಡೆಗೆ ತೂಗುಹಾಕಿದ ಪಟದಂತೆ ನಿಶ್ಚಲವಾಗಿತ್ತು. ತೂಕ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕ್ಯಾಮರಾವನ್ನು ಹಿಡಿದಿರುವ ಗಿಂಬಲ್ ಎಂಬ ಸಾಧನ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರನ್ನು ನೀವು ನೋಡಿದ್ದೀರಿ. ಮೈ ಬಳುಕುತ್ತದೆ, ಕೊಡ ಅಲುಗದು. ಗಿಂಬಲ್ ಮಾಡುವುದೂ ಅದನ್ನೇ. ನಮ್ಮ ತಲೆಗೆ ಮೂರು ಬಗೆಯ ಚಲನೆಗಳಿವೆ: ಹೌದೆನ್ನುವಾಗ ಮೇಲೆ ಕೆಳಗೆ ಆಡುತ್ತದೆ, ಇಲ್ಲವೆನ್ನುವಾಗ ಎಡಕ್ಕೆ ಬಲಕ್ಕೆ ತಿರುಗುತ್ತದೆ, ‘ಆಗಲಿ ನೋಡೋಣ’ ಎನ್ನುವಾಗ ಭುಜದ ಕಡೆಗೆ ಓಲುತ್ತದೆ. ಮಿನಿ 4ಕೆಯ ಕ್ಯಾಮರಾಕ್ಕೆ ಈ ಮೂರಕ್ಕೂ ಒಂದೊಂದು ಪುಟ್ಟ ಮೋಟಾರಿದೆ. ಯಂತ್ರ ಯಾವ ಕಡೆ ವಾಲಿದರೂ ಕ್ಯಾಮರಾವನ್ನು ಅಷ್ಟೇ ವಿರುದ್ಧವಾಗಿ ತಿರುಗಿಸಿ ಸಮನಾಗಿಡುತ್ತವೆ. ನಿಯೋದಲ್ಲಿರುವುದು ಹೌದೆನ್ನುವ ಮೋಟಾರು ಒಂದೇ. ಮಿಕ್ಕ ಅಲುಗಾಟವನ್ನು ಚಿತ್ರದ ಅಂಚುಗಳನ್ನು ಕತ್ತರಿಸಿ ಲೆಕ್ಕಾಚಾರದಿಂದ ಸರಿಪಡಿಸುತ್ತದೆ. ಗಾಳಿ ಕಡಮೆಯಿದ್ದಾಗ ಈ ಉಪಾಯ ಸಾಕು, ಹೆಚ್ಚಿದಾಗ ಸಾಲದು.

ಬ್ಯಾಟರಿಯ ಲೆಕ್ಕವೂ ಹೀಗೆಯೇ. ಗಾಳಿಯಿಲ್ಲದಲ್ಲಿ ನಿಯೋ ಹಾರುವುದು ಸುಮಾರು 18 ನಿಮಿಷ, ಮಿನಿ 4ಕೆ 31 ನಿಮಿಷ. ಇವು ತಯಾರಕರು ಅಳೆದ ಅಂಕಿಗಳು. ಕೈಗೆ ಬರುವುದು ಇದಕ್ಕಿಂತ ಕಡಮೆ. ಬ್ಯಾಟರಿ ಮುಕ್ಕಾಲು ಮುಗಿಯುವ ಮೊದಲೇ ಇಳಿಸಿಬಿಡುವುದು ಮೇಲು. ರಿಮೋಟಿನಿಂದ ಹತ್ತು ಕಿಲೋಮೀಟರ್ ದೂರ ಹೋಗಬಹುದೆಂದು ಡಬ್ಬದ ಮೇಲೆ ಬರೆದಿರುವುದಕ್ಕೆ ಮರುಳಾಗಬೇಡಿ. ಯಂತ್ರ ಕಣ್ಣಳತೆಯಲ್ಲೇ ಇರಬೇಕೆಂಬುದು ಕಟ್ಟಳೆ, ಈ ಗಾತ್ರದ ವಸ್ತು ಇನ್ನೂರು ಗಜ ದಾಟಿದ ಮೇಲೆ ನನ್ನ ಕನ್ನಡಕಕ್ಕಂತೂ ಸಿಕ್ಕಲಿಲ್ಲ. ಇನ್ನೊಂದು ಮಾತು: ಎದುರಿಗೆ ಮರವಿದೆಯೇ ಗೋಡೆಯಿದೆಯೇ ಎಂದು ಕಂಡು ತಾನಾಗಿ ನಿಲ್ಲುವ ಶಕ್ತಿ ಈ ಎರಡಕ್ಕೂ ಇಲ್ಲ. ಕೆಳಗಿನ ನೆಲವನ್ನು ಮಾತ್ರ ನೋಡಿಕೊಳ್ಳುತ್ತವೆ.

ಬೆಲೆಯಲ್ಲಿ ಒಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ಹೊರಬಂದಾಗ ನಿಯೋಗೆ 199 ಡಾಲರ್, ಮಿನಿ 4ಕೆಗೆ 299. ನೂರು ಡಾಲರ್ ಉಳಿಯಿತೆಂದು ಹಿಗ್ಗುವ ಮೊದಲು ನೋಡಿ, ಆ 199ರಲ್ಲಿ ರಿಮೋಟ್ ಸೇರಿಲ್ಲ. ರಿಮೋಟೂ ಮೂರು ಬ್ಯಾಟರಿಗಳೂ ಇರುವ ನಿಯೋ ಕಟ್ಟಿಗೆ 289 ಡಾಲರ್ ಇತ್ತು. ಮಿನಿಯ 299ರಲ್ಲಿ ರಿಮೋಟೂ ಒಂದು ಬ್ಯಾಟರಿಯೂ ಉಂಟು. ಆದಕಾರಣ ಹಣ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ನಿಯೋ ಕೊಳ್ಳುವವರು, ರಿಮೋಟನ್ನು ಎಂದೂ ಕೊಳ್ಳುವುದಿಲ್ಲವೆಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಇಷ್ಟು ಹೊತ್ತಿಗೆ ನನ್ನ ತೀರ್ಪು ಏನಾಗಿತ್ತೆಂದು ನೀವು ಊಹಿಸಿರಬಹುದು. ಹುಡುಗನೂ ಮಿನಿಯೇ ಎಂದ. ಮಧ್ಯಾಹ್ನ ಕೊನೆಯ ಸಲ ಅದನ್ನು ಇಳಿಸುತ್ತಿದ್ದ. ನಿಯೋ ಅಂಗೈ ಮೇಲೆ ಬಂದು ಕೂತದ್ದನ್ನು ಬೆಳಗಿನಿಂದ ನೋಡಿದ್ದ ಪುಟ್ಟಿ, ಇದೂ ಹಾಗೆಯೇ ಎಂದುಕೊಂಡು, ಎರಡು ಕೈಯನ್ನೂ ಚಾಚಿಕೊಂಡು ಅದರ ಕೆಳಗೆ ಓಡಿದಳು. ನಿಯೋದ ರೆಕ್ಕೆಗಳ ಸುತ್ತ ಪಂಜರದಂಥ ಕವಚವಿದೆ. ಮಿನಿಯ ರೆಕ್ಕೆಗಳು ಬಯಲು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹುಡುಗ ಕಡ್ಡಿಯನ್ನು ಮೇಲಕ್ಕೆ ನೂಕಿದ. ಅವಳ ಬೆರಳುಗಳಿಗೂ ರೆಕ್ಕೆಗೂ ಒಂದು ಗೇಣು ಅಂತರವಿದ್ದಾಗ ಯಂತ್ರ ಸರಕ್ಕನೆ ಮೇಲೆದ್ದಿತು. ತಂಗಿ ಮಗಳನ್ನು ಎತ್ತಿಕೊಂಡು ಕಾರಿನಲ್ಲಿ ಹೋಗಿ ಕೂತಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನೇ, “ಮಾವ, ನಿಯೋ ತಗೊಳ್ಳೋಣ. ಇವಳು ದೊಡ್ಡವಳಾದ ಮೇಲೆ ಇನ್ನೊಂದು” ಎಂದ. ಲೆಕ್ಕದ ಪ್ರತಿಯೊಂದು ಅಂಕಣದಲ್ಲೂ ಗೆದ್ದಿದ್ದ ಯಂತ್ರ ಹೀಗೆ ಸೋತಿತು. ನನಗೂ ಅದೇ ಸರಿಯೆನಿಸಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಅಂಗಳದಲ್ಲಿ, ಮರದ ನೆರಳಿನಲ್ಲಿ, ಮನೆಯವರದೇ ಚಿತ್ರ ತೆಗೆಯುವುದಾದರೆ ನಿಯೋ. ಬೆಟ್ಟ, ಹೊಲ, ನೀರು ನೋಡಬೇಕೆಂಬ ದೊಡ್ಡವರಿಗೆ, ಕೈಯಾರೆ ಕಲಿಯುವ ತಾಳ್ಮೆಯುಳ್ಳವರಿಗೆ ಮಿನಿ. ಕವಚವಿದ್ದರೂ ಬಿಚ್ಚುಗೂದಲು ಅದರೊಳಗೆ ಸಿಕ್ಕಬಹುದು; ಜಡೆ ಹಾಕಿಯೇ ಹತ್ತಿರ ಬಿಡಬೇಕು.

ಇನ್ನು ನಮ್ಮ ದೇಶದ ಮಾತು. ಹೊರಡುವಾಗ ತಂಗಿ, “ಅಣ್ಣ, ನಿಮ್ಮ ಶಾಲೆಗೆ ಒಂದು ಮಿನಿ ತೆಗೆದುಕೊಂಡು ಹೋಗು” ಎಂದಳು. ನಮ್ಮೂರ ಕೆರೆಯನ್ನೂ ಅದರ ಕೋಡಿಯನ್ನೂ ಮಕ್ಕಳಿಗೆ ಮೇಲಿನಿಂದ ತೋರಿಸಬೇಕೆಂಬ ಆಸೆಯನ್ನು ನಾನೇ ಅವಳೆದುರು ಹೇಳಿಕೊಂಡಿದ್ದೆ. ಆದರೆ 2022ರ ಫೆಬ್ರವರಿ 9ರಂದು ಭಾರತ ಸರ್ಕಾರ ಹೊರದೇಶದ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆ ಇವಕ್ಕೆ ಮಾತ್ರ ವಿನಾಯಿತಿ; ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ಪರದೇಶದಲ್ಲಿರುವ ಮಗನೋ ಅಳಿಯನೋ ಪೆಟ್ಟಿಗೆಯಲ್ಲಿಟ್ಟುಕೊಂಡು ಬರುತ್ತೇನೆಂದರೆ ನೀವು ಬೇಡವೆನ್ನಿ. ಸುಂಕದ ಕಟ್ಟೆಯಲ್ಲಿ ವಸ್ತುವೂ ಹೋಗಿ ಮಾನವೂ ಹೋದೀತು. ನಾನು ತರಲಿಲ್ಲ.

ಇಲ್ಲಿಯೇ ತಯಾರಾದುದನ್ನು ಕೊಳ್ಳುವವರಿಗೂ 250 ಗ್ರಾಮಿನ ಗೆರೆ ಉಂಟು. 2021ರ ಡ್ರೋನ್ ನಿಯಮಗಳು ಆ ತೂಕವನ್ನು ಮೀರದವನ್ನು ನ್ಯಾನೋ ವರ್ಗವೆಂದು ಕರೆದು, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡವೆಂದಿವೆ. ನೋಂದಣಿಯ ಸಂಗತಿಯನ್ನು ಮಾರುವವರಿಂದ ಬರೆಸಿಕೊಂಡೇ ತಿಳಿದುಕೊಳ್ಳಿ. ಸರ್ಕಾರದ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಕಡೆ 400 ಅಡಿ ಎತ್ತರದವರೆಗೆ ಅಪ್ಪಣೆಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಮತ್ತು 12 ಕಿಲೋಮೀಟರುಗಳ ನಡುವೆ 200 ಅಡಿ ಮಾತ್ರ. ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಕಲಬುರಗಿ ಮುಂತಾದ ಊರುಗಳವರು ಇದನ್ನು ನೋಡದೆ ಡಬ್ಬ ಬಿಚ್ಚಬಾರದು.

ಶಾಲೆಗಾಗಿ ನಾನೀಗ ನಮ್ಮ ದೇಶದವೇ ಒಂದೆರಡನ್ನು ವಿಚಾರಿಸುತ್ತಿದ್ದೇನೆ. ಅಂಗಡಿಯವರು ಕ್ಯಾಮರಾದ ಗುಣಗಾನವನ್ನು ಬಹಳ ಹೊತ್ತು ಮಾಡಿದರು. ನಮ್ಮ ಕೆರೆಯ ಏರಿಯ ಮೇಲೆ ಸಂಜೆ ಗಾಳಿ ಜೋರು. ಎಷ್ಟು ವೇಗದ ಗಾಳಿಯನ್ನು ತಡೆಯುತ್ತದೆ, ರೆಕ್ಕೆಗೆ ಕವಚವುಂಟೇ ಎಂದು ಮೊದಲು ಕೇಳಿದೆ. ಪುಸ್ತಕ ನೋಡಿ ಹೇಳುತ್ತೇವೆಂದು ಒಳಗೆ ಹೋಗಿದ್ದಾರೆ.