ಫೇಜಿನ ಡಿ.ಎನ್.ಎ. ಪ್ರತಿಕರಣದಲ್ಲಿ ಆತಿಥೇಯ ಜೀನುಗಳ ಪಾತ್ರ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದವರು ಅಲ್ಲಿಯ ಪುಷ್ಕರಿಣಿಯನ್ನೂ, ಅದರ ನಡುವಣ ವಸಂತಮಂಟಪವನ್ನೂ, ದಡದ ಮೇಲಣ ಮುಸಾಫಿರಖಾನೆಯನ್ನೂ ನೋಡಿರುತ್ತಾರೆ. ದಾರಿಗರಿಗೆ ಎಡೆಕೊಡುವುದು ಆ ಕಟ್ಟಡದ ಹೆಸರೇ ಸಾರುವ ಧರ್ಮ. ಇಂತಹ ಯಾವ ಕೊಳದ ನೀರಿನಲ್ಲಿಯೂ ಕಣ್ಣಿಗೆ ಕಾಣದ ಬೇರೊಂದು ಬಗೆಯ ಆತಿಥ್ಯವು ನಡೆಯುತ್ತಲೇ ಇರುವುದು. ಒಂದು ಮಿಲಿಲೀಟರು ನೀರಿನಲ್ಲಿ ಬ್ಯಾಕ್ಟೀರಿಯಗಳು ಲಕ್ಷಗಟ್ಟಲೆ. ಅವುಗಳನ್ನು ಹೊಕ್ಕು ಬೆಳೆಯುವ ವೈರಸುಗಳು, ಎಂದರೆ ಫೇಜುಗಳು, ಸಾಮಾನ್ಯವಾಗಿ ಅದಕ್ಕೂ ಹೆಚ್ಚು.

ಫೇಜಿಗೆ ಮನೆಕೊಡುವ ಜೀವಿಯನ್ನು ಶಾಸ್ತ್ರಜ್ಞರು ಆತಿಥೇಯವೆನ್ನುವರು. ಮಾತು ಅಷ್ಟಾಗಿ ಒಪ್ಪುವುದಿಲ್ಲ. ಕರೆಯದೆ ಬಂದು, ಮನೆಯವರ ಪಾತ್ರೆಯಲ್ಲಿಯೇ ಅಡುಗೆಮಾಡಿ, ಕೊನೆಗೆ ಮನೆಯನ್ನೇ ಒಡೆದುಹೋಗುವವನನ್ನು ಅತಿಥಿಯೆಂದು ನಮ್ಮವರು ಕರೆದುದಿಲ್ಲ. ಆದರೂ ರೂಢಿಗೆ ಬಂದಿರುವುದರಿಂದ ಅದನ್ನೇ ಇಟ್ಟುಕೊಳ್ಳೋಣ. ಇಲ್ಲಿ ವಿಚಾರಿಸತಕ್ಕದ್ದು, ಫೇಜಿನ ಡಿ.ಎನ್.ಎ.ಯನ್ನು ಪ್ರತಿಮಾಡುವಲ್ಲಿ ಆ ಮನೆಯ ಪಾತ್ರೆಗಳಾವುವು, ಅವು ತಿಳಿದುಬಂದ ಬಗೆಯೇನು ಎಂಬುದು.

ಎಶ್ಚೆರಿಚಿಯ ಕೋಲಿ ಎಂಬ ಬ್ಯಾಕ್ಟೀರಿಯವನ್ನು ಹೊಗುವ ಲ್ಯಾಮ್ಡ ಫೇಜಿನ ಡಿ.ಎನ್.ಎ.ಯಲ್ಲಿ 48,502 ಅಕ್ಷರಜೋಡಿಗಳಿವೆ. ಅದರ ಪ್ರತಿಯನ್ನು ಆರಂಭಿಸಲು ಫೇಜು ತಾನಾಗಿ ಒದಗಿಸುವ ಪ್ರೋಟೀನುಗಳು ಎರಡೇ: ಓ ಮತ್ತು ಪಿ. ಓಲೆಯೂ ಲೇಖನಿಯೂ ಲಿಪಿಕಾರನೂ ಬ್ಯಾಕ್ಟೀರಿಯದವು. 1970ರ ದಶಕದ ಮೊದಲಲ್ಲಿ ಕಾಸ್ಟಾ ಜಾರ್ಗೋಪೌಲೋಸ್ ಮೊದಲಾದವರು ಫೇಜಿನ ದಾಳಿಗೆ ಸಾಯದೆ ಉಳಿದ ಬ್ಯಾಕ್ಟೀರಿಯಗಳನ್ನು ಆರಿಸಿದರು. ಇವುಗಳಲ್ಲಿ ಬಹಳಷ್ಟು, ಫೇಜು ಅಂಟಿಕೊಳ್ಳುವ ಬಾಗಿಲನ್ನು ಕಳೆದುಕೊಂಡವು, ಅವುಗಳಿಂದ ಪ್ರಯೋಜನವಿಲ್ಲ. ಇನ್ನು ಕೆಲವುಗಳಲ್ಲಿ ಫೇಜು ಒಳಹೊಕ್ಕರೂ ಅದರ ಡಿ.ಎನ್.ಎ. ಪ್ರತಿಯಾಗದು. ಅಲ್ಲಿ ಕೆಟ್ಟಿರುವುದು ಆತಿಥೇಯದ ಜೀನು. ವಿಶೇಷವೇನೆಂದರೆ, ಇಂತಹ ಬ್ಯಾಕ್ಟೀರಿಯಗಳಲ್ಲಿಯೂ ಬೆಳೆಯಬಲ್ಲ ಅಪರೂಪದ ಫೇಜುಗಳನ್ನು ಹುಡುಕಿದಾಗ, ಅವುಗಳ ಮಾರ್ಪಾಡು ಪಿ ಜೀನಿನಲ್ಲಿಯೇ ಕಂಡುಬಂದಿತು. ಬೀಗ ಬದಲಾದಾಗ ಬೀಗದಕೈಯೂ ಬದಲಾಗಬೇಕಾದುದನ್ನು ನೋಡಿ, ಇವೆರಡೂ ಒಂದನ್ನೊಂದು ಮುಟ್ಟುವುವೆಂದು ಊಹಿಸಿದಂತೆಯೇ ಇದೂ. ಕೇವಲ ಬೆಳೆ, ಬೆಳೆಯದು ಎಂಬ ಲಕ್ಷಣದಿಂದ ಕಣ್ಣಿಗೆ ಕಾಣದ ಎರಡು ವಸ್ತುಗಳ ಸಂಬಂಧವನ್ನು ನಿಗಮಿಸಿದ ಈ ತರ್ಕವು ನನಗೆ ಪಾಠಶೋಧನೆಯ ಒಳ್ಳೆಯ ಮಾದರಿಗಳನ್ನು ನೆನಪಿಗೆ ತರುತ್ತದೆ.

ಮುಂದಿನ ಪ್ರಯೋಗಗಳಿಂದ ಕ್ರಮವು ಸ್ಪಷ್ಟವಾಯಿತು. ಓ ಪ್ರೋಟೀನು ಪ್ರತಿಯು ಮೊದಲಾಗುವ ಎಡೆಯನ್ನು ಹಿಡಿಯುವುದು. ಎರಡೆಳೆಗಳನ್ನು ಬಿಡಿಸುವ ಆತಿಥೇಯದ ಡಿಎನ್‌ಎಬಿ ಎಂಬ ಯಂತ್ರವನ್ನು ಪಿ ಅಲ್ಲಿಗೆ ಎಳೆದುತರುವುದು. ಆದರೆ ಪಿಯ ಹಿಡಿತದಲ್ಲಿರುವವರೆಗೂ ಆ ಯಂತ್ರವು ಓಡದು. ಆ ಹಿಡಿತವನ್ನು ಸಡಿಲಿಸುವುವು ಡಿಎನ್‌ಎಜೆ, ಡಿಎನ್‌ಎಕೆ, ಜಿಆರ್‌ಪಿಇ ಎಂಬ ಆತಿಥೇಯದ ಮೂರು ಪ್ರೋಟೀನುಗಳು. ಇವುಗಳ ಸ್ವಂತ ವೃತ್ತಿ ಬೇರೆಯೇ: ತಾಪ ಹೆಚ್ಚಿದಾಗ ಕೆಡುವ ಇತರ ಪ್ರೋಟೀನುಗಳ ಮಡಿಕೆಯನ್ನು ಕಾಪಾಡುವುದು. ಡಿಎನ್‌ಎಕೆಯು ಹಣ್ಣುನೊಣದ ತಾಪಪ್ರೋಟೀನೊಂದಕ್ಕೆ ಬಹುಮಟ್ಟಿಗೆ ಹೋಲುವುದೆಂದು 1984ರಲ್ಲಿ ತಿಳಿಯಿತು. ಅದೇ ಕುಲದವು ಮನುಷ್ಯನ ಜೀವಕೋಶಗಳಲ್ಲಿಯೂ ಇವೆ.

ಟಿ7 ಎಂಬ ಫೇಜು ತನ್ನ ಲಿಪಿಕಾರನನ್ನು ತಾನೇ ತರುವುದು. ಆದರೂ ಅವನ ಕೈ ಕೆಲವೇ ಅಕ್ಷರಗಳಲ್ಲಿ ಜಾರುವುದು. ಆತಿಥೇಯದ ಥಯೋರೆಡಾಕ್ಸಿನ್ ಜೊತೆಗೂಡಿದರೆ ನೂರಾರು ಅಕ್ಷರಗಳವರೆಗೆ ಬಿಡದೆ ಬರೆಯುವುದು.

ಪ್ರತಿಯಾದ ಡಿ.ಎನ್.ಎ.ಯನ್ನು ಉಳಿಸಿಕೊಳ್ಳುವುದೂ ಸುಲಭವಲ್ಲ. ಬ್ಯಾಕ್ಟೀರಿಯಗಳು ಪರಕೀಯ ಡಿ.ಎನ್.ಎ.ಯನ್ನು ಕತ್ತರಿಸುವುವು. ಮ್ಯೂ ಎಂಬ ಫೇಜು ಮಾಮ್ ಎಂಬ ಜೀನಿನಿಂದ ತನ್ನ ಅಕ್ಷರಗಳಿಗೆ ಮರೆಗುರುತು ಹಾಕಿಕೊಳ್ಳುವುದು. ಆ ಜೀನನ್ನು ಆತಿಥೇಯದ ಆಕ್ಸಿಆರ್ ತಡೆಯುವುದು. ಆತಿಥೇಯದ್ದೇ ಆದ ಡ್ಯಾಮ್ ಕಿಣ್ವವು ಅಲ್ಲಿ ಮೀಥೈಲ್ ಗುಂಪನ್ನು ಸೇರಿಸಿದರೆ ಆ ತಡೆ ತೊಲಗುವುದು. ಅನಂತರವೂ ಫೇಜಿನ ಸಿ ಪ್ರೋಟೀನು ಬೇಕು. ಇದು ಡಿ.ಎನ್.ಎ.ಯ ಹುರಿಯನ್ನು ಸಡಿಲಿಸಿ ಮಾಮ್ ಜೀನನ್ನು ಓದಿಸುವುದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಮಾಮ್ ಬೇಗನೆ ಹೊರಬಿದ್ದರೆ ಆತಿಥೇಯಕ್ಕೆ ವಿಷವಾಗುವುದಾದ್ದರಿಂದ, ಫೇಜು ಅದನ್ನು ಕಡೆಯ ಗಳಿಗೆಯವರೆಗೂ ಬಿಚ್ಚದೆ ಇಟ್ಟಿರುತ್ತದೆ.