ಕೌದಿಯ ಅಂಚಿಗೆ ಬಟ್ಟೆ ಎಷ್ಟು ಬೇಕು?

ಅಜ್ಜಿಯ ಹಳೆಯ ಸೀರೆಗಳಿಂದ ನಾನು ಹೊಲಿದ ಕೌದಿಯೊಂದು ನಮ್ಮ ಮನೆಯಲ್ಲಿದೆ. ಸುತ್ತಲಿನ ಕುಂಕುಮದ ಬಣ್ಣದ ತುದಿಪಟ್ಟಿ ನಾಲ್ಕನೆಯ ಬದಿಯ ನಡುವೆ ಇದ್ದಕ್ಕಿದ್ದಂತೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಸಾಲದೆ ಮತ್ತೆ ಅಂಗಡಿಗೆ ಹೋಗುವಷ್ಟರಲ್ಲಿ ಆ ಥಾನು ಮುಗಿದಿತ್ತು!

ನಡುಭಾಗ 48 ಅಂಗುಲ ಅಗಲ, 78 ಅಂಗುಲ ಉದ್ದವಿದೆಯೆನ್ನೋಣ. ಸುತ್ತಲೂ 7 ಅಂಗುಲ ಅಗಲದ ಅಂಚನ್ನು ಜೋಡಿಸಿದರೆ, ಹೊಲಿಗೆಗೆ ಎರಡೂ ಬಟ್ಟೆಗಳಲ್ಲಿ ಅರ್ಧರ್ಧ ಅಂಗುಲ ಹೋಗಿ, ಕೌದಿಯ ಅಳತೆ 60ಕ್ಕೆ 90 ಆಗುತ್ತದೆ. ಅಂಚಿಗೆ ಬೇಕಾದ ಉದ್ದ 276 ಅಂಗುಲ. 44 ಅಂಗುಲ ಪನ್ನದ ಬಟ್ಟೆಯಲ್ಲಿ ಮಗ್ಗುಲುಗಳನ್ನು ಬಿಟ್ಟರೆ ದಕ್ಕುವುದು 42. ಆದುದರಿಂದ ಏಳು ಪಟ್ಟಿಗಳು, ಅಂದರೆ 49 ಅಂಗುಲ ಬಟ್ಟೆ.

ನಾನು ಎಡವಿದ್ದು ಇದಾದ ಮೇಲೆ. ತುದಿಯನ್ನು ಮಡಚಿ ಮುಚ್ಚುವ ಪಟ್ಟಿಗೆ ನಡುಭಾಗದ ಸುತ್ತಳತೆಯಾದ 252 ಅಂಗುಲವನ್ನೇ ಹಿಡಿದಿದ್ದೆ. ಅಂಚು ಸೇರಿದ ಮೇಲೆ ಸುತ್ತಳತೆ 300 ಆಗುವುದೆಂಬುದು ಹೊಳೆಯಲೇ ಇಲ್ಲ! ಮೂಲೆಗಳಿಗೂ ಕೊನೆಯ ಜೋಡಣೆಗೂ 12 ಸೇರಿಸಿರಿ. ಎರಡೂವರೆ ಅಂಗುಲ ಅಗಲದ ಪಟ್ಟಿಗಳನ್ನು ಓರೆಯಾಗಿ ಕೂಡಿಸಿದರೆ ಜೋಡಣೆಯಲ್ಲಿ ಗಂಟಿನಂತೆ ದಪ್ಪವಾಗದು. ಆದರೆ ಪ್ರತಿ ಜೋಡಣೆಗೂ ಎರಡೂವರೆ ಅಂಗುಲ ಹೋಗುತ್ತದೆ. ಎಂಟು ಪಟ್ಟಿಗಳು ಬೇಕು. ಅವಕ್ಕೆ 20 ಅಂಗುಲ.

ಒಟ್ಟು 69 ಅಂಗುಲ. ಅಂಗಡಿಯಲ್ಲಿ ಎರಡು ಮೀಟರು, ಎಂದರೆ ಸುಮಾರು 79 ಅಂಗುಲ, ಕೇಳಿರಿ. ಹತ್ತಿಯ ಬಟ್ಟೆ ನೀರಿಗೆ ಕುಗ್ಗುವುದರಿಂದ ಈ ಹೆಚ್ಚಳ ದಂಡವಲ್ಲ. ಕತ್ತರಿಸುವ ಮೊದಲೇ ಒಗೆದು ಒಣಗಿಸಿರಿ. ಬಣ್ಣ ಬಿಡುತ್ತಿದ್ದರೆ ಇನ್ನೊಮ್ಮೆ ಒಗೆಯಿರಿ. ಅಜ್ಜಿಯ ಬಿಳಿಯ ಸೀರೆಗೆ ಕೆಂಪು ಹತ್ತಿತೆಂದರೆ ಅದನ್ನು ಬಿಡಿಸುವುದು ಕಷ್ಟ.