ಬಾಟಲಿ ಮನೆಗೆ ಬಂತು, ಮುಂದೇನು?

ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶಹಾಬಾದಿಗೆ ಬರುವಾಗ ಆಸೆಪಟ್ಟು ಒಂದು ಬಾಟಲಿ ಕೆಂಪು ವೈನ್ ತಂದಿದ್ದೆ. ಅತ್ತೆಯವರ ಕಣ್ಣಿಗೆ ಬೀಳದಿರಲೆಂದು ಅಟ್ಟದ ಮೇಲೆ ಟ್ರಂಕಿನ ಹಿಂದೆ ಅಡಗಿಸಿಟ್ಟೆ. ಆಗಸ್ಟಿನಲ್ಲಿ ನಮ್ಮ ಮದುವೆಯ ದಿನಕ್ಕೆಂದು ತೆರೆದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ! ಅಷ್ಟರಲ್ಲಿ ಅತ್ತೆಯವರೂ ನೋಡಿಬಿಟ್ಟರು. “ಏನವಾ ಇದು, ಮನ್ಯಾಗ ಹೆಂಡ?” ವೈನೂ ಹೋಯಿತು, ಮಾನವೂ ಹೋಯಿತು!

ಗೆಳತಿಯರೇ, ವೈನ್ ಈಗ ದೂರದ ಫ್ರಾನ್ಸಿನ ಸರಕಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕಂಪನಿ 1988ರಲ್ಲೇ ಶುರುವಾಯಿತು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ನನ್ನ ಮೆಚ್ಚಿನದು ನಮ್ಮ ಕಲ್ಯಾಣ ಕರ್ನಾಟಕದ್ದೇ. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ‘ಕೃಸ್ಮಾ’ ಎಂಬ ಪುಟ್ಟ ವೈನರಿ. ತಮ್ಮದೇ ತೋಟದ ದ್ರಾಕ್ಷಿ, ತಮ್ಮದೇ ವೈನ್.

ಆದರೆ ನಮ್ಮೂರ ಬಿಸಿಲು ವೈನಿನ ಶತ್ರು. ಸೇಡಂ ಇರಲಿ, ಚಿತ್ತಾಪುರ ಇರಲಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ವಾಡಿಯ ಕಾಲೊನಿಗಳ ಆರ್‌ಸಿಸಿ ಮನೆಗಳಂತೂ ಕಾದ ಹೆಂಚು. ಅಟ್ಟ, ಒಲೆಯ ಪಕ್ಕ, ಕಾರಿನ ಡಿಕ್ಕಿ ಬೇಡವೇ ಬೇಡ. ಬೇಸಿಗೆಯಲ್ಲಿ ಫ್ರಿಜ್ಜಿನ ತರಕಾರಿ ಟ್ರೇ ಸರಿ. ಬಿರಡೆ ಇದ್ದರೆ ಮಲಗಿಸಿಡಿ, ಒಣಗಿದರೆ ಗಾಳಿ ನುಗ್ಗುತ್ತದೆ. ತಿರುಗಿಸುವ ಮುಚ್ಚಳವಾದರೆ ನಿಲ್ಲಿಸಿದರೂ ಸರಿಯೇ.

ಕೆಂಪು ವೈನನ್ನು ಕುಡಿಯುವ ಇಪ್ಪತ್ತು ನಿಮಿಷ ಮೊದಲು ಹೊರಗಿಡಿ. ಬಿಳಿಯದು ತಂಪಾಗಿದ್ದರೇ ರುಚಿ. ಗ್ಲಾಸ್ ಅರ್ಧಕ್ಕಿಂತ ಕಡಿಮೆ ತುಂಬಿಸಿ, ಮೊದಲು ಮೂಸಿ ನೋಡಿ, ಆಮೇಲೆ ಗುಟುಕು. ಕೆಂಪು ವೈನಿನ ಒಗರಿಗೆ ಮೆಣಸಿನಕಾಯಿ ಸೇರಿದರೆ ಬಾಯಿ ಉರಿದೀತು. ಖಾರದ ಪಲ್ಯ, ಜೋಳದ ರೊಟ್ಟಿ ಊಟವಾದರೆ ತುಸು ಸಿಹಿಯಿರುವ ಬಿಳಿ ವೈನ್ ಒಳ್ಳೆಯದು. ಕೆಂಪಿಗೆ ಹುರಿದ ಶೇಂಗಾ, ಪನೀರ್, ಖಾರ ಕಡಿಮೆಯಿರುವ ಮಟನ್ ಹೊಂದುತ್ತದೆ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಇನ್ನೊಂದು ಮಾತು. “ವೈನ್ ಹೃದಯಕ್ಕೆ ಒಳ್ಳೇದಂತೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ಶೇ 12ರಿಂದ 14ರಷ್ಟು ಆಲ್ಕೋಹಾಲ್ ಇರುತ್ತದೆ, ಅಂದರೆ ಸಾಮಾನ್ಯ ಬಿಯರಿಗಿಂತ ಹೆಚ್ಚು. ಪೂರ್ತಿ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಸುರಿಯರು, ಹಾಲುಣಿಸುವವರು, ಮಕ್ಕಳು ಮುಟ್ಟಲೇಬಾರದು. ಬಿಪಿ, ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಮನೆಯಲ್ಲಿ ಒಬ್ಬರಿಗೆ ಕುಡಿತದ ಚಟವಿದ್ದರಂತೂ ಬಾಟಲಿ ಹೊಸ್ತಿಲು ದಾಟದಿರಲಿ.

ನಮ್ಮ ಅತ್ತೆಯವರ ಸಿಟ್ಟಿಗೂ ಕಾರಣವಿತ್ತು. ಕುಡಿತದಿಂದ ಮುರಿದ ಮನೆಗಳನ್ನು ತಮ್ಮ ಓಣಿಯಲ್ಲೇ ಕಂಡವರು ಅವರು. ಅದನ್ನು ಕೇಳದೆ ನಾನು ಬಚ್ಚಿಟ್ಟದ್ದೇ ತಪ್ಪು. ಮುಂದಿನ ಸಲ ಅವರಿಗೆ ಹೇಳಿಯೇ ತಂದೆ. ಅವರು ಕುಡಿಯಲಿಲ್ಲ, ಆದರೆ ಜೊತೆಗೆ ಕೂತು ಶೇಂಗಾ ಬಿಡಿಸಿದರು. “ಅರ್ಧಾ ಗ್ಲಾಸ್ ಸಾಕು ನೋಡವಾ” ಅಂದರು. ಅಷ್ಟಕ್ಕೇ ನಿಲ್ಲಿಸಿದೆ. ರುಚಿ ಆ ದಿನವೇ ತಿಳಿದದ್ದು.